ಕುಲುಮಿಯ ಹದ, ಲ್ಯಾಬಿನ ಮ್ಯಾಪ್

ಗೆಳೆಯರೇ, ಮೊದಲೇ ಹೇಳಿಬಿಡ್ತೀನಿ: ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಮೆಟಲ್ ಫಾರ್ಮಿಂಗ್ ಬಗ್ಗೆ ಕನ್ನಡದಲ್ಲಿ ಬರೆಯೋದು ಇದೇ ಮೊದಲು. ತಪ್ಪಿದ್ದರೆ ತಿದ್ದಿ. ಇದನ್ನು ಬರೆಯೋಕೆ ಕಾರಣ ನಾನು ಕೆಡಿಸಿದ ಒಂದು ಕುಡ.

ನಮ್ಮೂರು ಬೈಲಹೊಂಗಲದ ಹತ್ತಿರ. ಹಿಂಗಾರಿ ಬಂತಂದ್ರೆ ಕುಂಟಿಯ ಕುಡ, ಅಂದರೆ ಕಳೆ ಕೊಯ್ಯುವ ಕಬ್ಬಿಣದ ಅಲಗು, ಹಿಡಿದುಕೊಂಡು ರೈತರು ಕಂಬಾರರ ಮನೆ ಮುಂದೆ ಕೂರೋದು ಇನ್ನೂ ಇದೆ. ಟ್ರ್ಯಾಕ್ಟರ್ ಬಂದ ಮೇಲೆ ಕಡಿಮೆಯಾಗಿದೆ ಅಷ್ಟೆ. ಕಳೆದ ದಸರಾ ಸೂಟಿಯಲ್ಲಿ ನಾನೂ ಕುಲುಮಿಗೆ ಹೋಗಿದ್ದೆ. ಕಂಬಾರ ಕಾಕಾ ಲಾರಿಯ ಹಳೇ ಪಾಟಾ ಕಾಯಿಸಿ ಕುಡ ಮಾಡ್ತಿದ್ದರು. "ನಾ ಒಮ್ಮೆ ಬಡೀಲೇನ್ ಕಾಕಾ?" ಅಂದೆ. ಸುತ್ತಿಗಿ ಕೊಟ್ಟರು. ಕೆಲವೇ ಏಟಿಗೆ ಕೆಂಪು ಇಳಿದು ಕಪ್ಪಾಗ್ತಾ ಬಂತು.

"ಸಾಕ್ ಬಿಡೋ ತಮ್ಮಾ, ಹದ ಹೋತು" ಅಂದರು.

ಇನ್ನೆರಡು ಹೊಡೆದರೆ ಏನಾಗುತ್ತೆ ಅಂತ ಜೋರಾಗಿ ಹೊಡೆದೆ. ಅಂಚಿನಲ್ಲಿ ಉಗುರುದ್ದ ಸೀಳು ಬಿಟ್ಟಿತು. ಕುಡಕ್ಕಾಗಿ ಬೆಳಗಿನಿಂದ ಕಾಯ್ತಾ ಕೂತಿದ್ದ ರೈತ ಬರಿಗೈಲಿ ಎದ್ದು ಹೋದ. ಕಾಕಾ ಬೈಯಲಿಲ್ಲ. "ನಿಮ್ಮ ಪುಸ್ತಕದಾಗ ಹದ ಅಂತ ಏನೂ ಇಲ್ಲೇನು?" ಅಂತ ಕೇಳಿದರು ಅಷ್ಟೆ. ನನ್ನ ಹತ್ರ ಉತ್ತರ ಇರಲಿಲ್ಲ.

ಕಾಲೇಜಿಗೆ ಬಂದು ಹುಡುಕಿದೆ. ಪುಸ್ತಕದಲ್ಲಿ ಹದ ಇದೆ. ಅದಕ್ಕೆ ಪ್ರೊಸೆಸಿಂಗ್ ಮ್ಯಾಪ್ ಅಂತ ಹೆಸರು. ಅದನ್ನು ರೂಪಿಸಿದವರಲ್ಲಿ ಮುಖ್ಯರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆಗಿದ್ದ ವೈ.ವಿ.ಆರ್.ಕೆ. ಪ್ರಸಾದ್.

ಹದಕ್ಕೆ ಎರಡು ಕೈ

ಬಿಸಿ ಲೋಹವನ್ನು ಬಡಿದು ಆಕಾರ ಕೊಡುವಾಗ ಎರಡು ವಿಷಯ ನಮ್ಮ ಕೈಯಲ್ಲಿರುತ್ತವೆ. ಒಂದು ಟೆಂಪರೇಚರ್. ಕಾಕಾ ಅದನ್ನು ಬಣ್ಣದಲ್ಲಿ ಓದ್ತಾರೆ. ಉಕ್ಕು ಮಂದ ಕೆಂಪಾದರೆ ಸುಮಾರು 700 ಡಿಗ್ರಿ ಸೆಲ್ಸಿಯಸ್, ಕಿತ್ತಳೆಯಾದರೆ 950ರ ಆಸುಪಾಸು, ಹಳದಿಗೆ ತಿರುಗಿದರೆ 1100ರ ಹತ್ತಿರ.

ಇನ್ನೊಂದು ಸ್ಟ್ರೇನ್ ರೇಟ್. ಇದು ಏಟಿನ ಜೋರು ಅಲ್ಲ, ಲೋಹದ ಆಕಾರ ಬದಲಾಗುವ ವೇಗ. 10 ಮಿಲಿಮೀಟರ್ ಎತ್ತರದ ತುಂಡನ್ನು ಒಂದು ಸೆಕೆಂಡಿನಲ್ಲಿ 1 ಮಿಲಿಮೀಟರ್ ಕುಗ್ಗಿಸಿದರೆ ಸ್ಟ್ರೇನ್ ರೇಟ್ ಸೆಕೆಂಡಿಗೆ ಸುಮಾರು 0.1. ಅಷ್ಟೇ ಕುಗ್ಗುವಿಕೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆದರೆ ಸುಮಾರು 10. ಹೈಡ್ರಾಲಿಕ್ ಪ್ರೆಸ್ ನಿಧಾನ, ಸುತ್ತಿಗಿ ಚುರುಕು.

ಲೋಹದ ಒಳಗೆ ಸಣ್ಣ ಸಣ್ಣ ಹರಳುಗಳಿವೆ, ನಾವು ಗ್ರೇನ್ ಅಂತೀವಿ. ಬಡಿದಾಗ ಅವು ಚಪ್ಪಟೆಯಾಗಿ ಗಟ್ಟಿಯಾಗ್ತವೆ. ಬಿಸಿ ಸಾಕಷ್ಟಿದ್ದರೆ ಅದೇ ಹೊತ್ತಿಗೆ ಹೊಸ ಗ್ರೇನ್‌ಗಳು ಹುಟ್ಟಿ ಲೋಹ ಮತ್ತೆ ಮೆತ್ತಗಾಗುತ್ತದೆ. ಇದೇ ಡೈನಾಮಿಕ್ ರೀಕ್ರಿಸ್ಟಲೈಸೇಶನ್. ನಾನು ಹೊಡೆದಾಗ ಕಬ್ಬಿಣ ಆರಿತ್ತು. ಹಳೇ ಗ್ರೇನ್ ಗಟ್ಟಿಯಾಗ್ತಾನೇ ಹೋದವು, ಹೊಸವು ಹುಟ್ಟಲಿಲ್ಲ. ಅದಕ್ಕೇ ಸೀಳು.

ಮ್ಯಾಪ್ ಹೇಗೆ ಮಾಡ್ತಾರೆ?

ಲೋಹದ ಸಣ್ಣ ಸಿಲಿಂಡರ್‌ಗಳನ್ನು ಬೇರೆ ಬೇರೆ ಟೆಂಪರೇಚರ್, ಬೇರೆ ಬೇರೆ ವೇಗದಲ್ಲಿ ಒತ್ತಿ, ಪ್ರತಿ ಸಲ ಎಷ್ಟು ಸ್ಟ್ರೆಸ್ ಬೇಕಾಯ್ತು ಅಂತ ಅಳೀತಾರೆ. ಒತ್ತುವ ಶಕ್ತಿ ಎರಡು ದಾರಿ ಹಿಡಿಯುತ್ತದೆ. ಹೆಚ್ಚಿನ ಪಾಲು ಶಾಖವಾಗಿ ಹೋಗುತ್ತದೆ. ಉಳಿದದ್ದು ಒಳಗಿನ ರಚನೆ ಬದಲಿಸುತ್ತದೆ. ರಚನೆಗೆ ಹೋಗುವ ಪಾಲು ಗರಿಷ್ಠ ಎಷ್ಟಿರಬಹುದೋ ಅದಕ್ಕೆ ಹೋಲಿಸಿ ನಿಜವಾಗಿ ಎಷ್ಟಿದೆ ಅನ್ನೋದೇ ಎಫಿಷಿಯೆನ್ಸಿ. ಸೂತ್ರ ಸಣ್ಣದು: 2ಎಂ ಭಾಗಿಸು (ಎಂ + 1). ಇಲ್ಲಿ ಎಂ ಅಂದರೆ ವೇಗ ಹೆಚ್ಚಾದಾಗ ಸ್ಟ್ರೆಸ್ ಎಷ್ಟು ಏರುತ್ತದೆ ಅನ್ನುವ ಸಂಖ್ಯೆ.

ಒಂದು ಲೆಕ್ಕ ನೋಡಿ. ಸ್ಟ್ರೇನ್ ರೇಟ್ 10 ಪಟ್ಟು ಮಾಡಿದಾಗ ಸ್ಟ್ರೆಸ್ 2 ಪಟ್ಟಾಯಿತು ಅಂತಿಟ್ಟುಕೊಳ್ಳಿ. ಎಂ ಅಂದರೆ 2ರ ಲಾಗ್, ಸುಮಾರು 0.30. ಎಫಿಷಿಯೆನ್ಸಿ 0.60 ಭಾಗಿಸು 1.30, ಅಂದರೆ ಶೇಕಡಾ 46. ಹೀಗೆ ಎಲ್ಲ ಬಿಂದುಗಳಿಗೂ ಲೆಕ್ಕ ಹಾಕಿ, ಅಡ್ಡಕ್ಕೆ ಟೆಂಪರೇಚರ್, ಉದ್ದಕ್ಕೆ ಸ್ಟ್ರೇನ್ ರೇಟ್ ಇಟ್ಟು ಗೆರೆ ಎಳೆದರೆ ಗುಡ್ಡದ ನಕ್ಷೆ ತರಹದ ಚಿತ್ರ ಬರುತ್ತದೆ. ಲೋಹದ ಹರಿವು ಕೆಡುವ ಜಾಗಗಳನ್ನು ಇನ್ನೊಂದು ಸೂತ್ರದಿಂದ ಗುರುತಿಸಿ ಗೀಟು ಹಾಕ್ತಾರೆ.

ಆದರೆ ಗುಡ್ಡದ ತುದಿ ಕಂಡ ಕೂಡಲೇ ಅದೇ ಹದ ಅಂತ ನಂಬಬಾರದು. ಒಳಗೆ ಬಿರುಕು ಬೀಳುವಾಗಲೂ ಎಫಿಷಿಯೆನ್ಸಿ ಹೆಚ್ಚು ತೋರಿಸಬಹುದು. ಆ ತುಂಡನ್ನು ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆಯೇ ತೀರ್ಮಾನ.

ಪ್ರಸಾದ್ ಅವರು ಅಮೆರಿಕದ ವಾಯುಪಡೆ ಪ್ರಯೋಗಾಲಯದ ತಂಡದ ಜೊತೆ ಈ ವಿಧಾನವನ್ನು 1984ರಲ್ಲಿ ಪ್ರಕಟಿಸಿದರು. ಆಗ ಪರೀಕ್ಷಿಸಿದ್ದು ಜೆಟ್ ಎಂಜಿನ್ನಿಗೆ ಬಳಸುವ ಟೈಟಾನಿಯಂ ಮಿಶ್ರಲೋಹ. ಆಮೇಲೆ ವಿಜ್ಞಾನ ಸಂಸ್ಥೆಯಲ್ಲಿ ಒಂದಾದ ಮೇಲೊಂದು ಲೋಹದ ಮ್ಯಾಪ್ ಮಾಡ್ತಾ ಹೋದರು. ಎಸ್. ಶಶಿಧರ ಅವರ ಜೊತೆ ಸೇರಿ 1997ರಲ್ಲಿ 'ಹಾಟ್ ವರ್ಕಿಂಗ್ ಗೈಡ್' ಅನ್ನೋ ಮ್ಯಾಪ್‌ಗಳ ಪುಸ್ತಕ ತಂದರು. 2015ರಲ್ಲಿ ಅದರ ಎರಡನೇ ಆವೃತ್ತಿಯೂ ಬಂತು.

ನಮಗೆ ಇದರಿಂದ ಏನು?

ಕಬ್ಬಿಣದ ಹದ ಕಾಕಾಗೆ ಅವರ ಅಪ್ಪನಿಂದ ಬಂತು. ಹೊಸ ಟೈಟಾನಿಯಂ ಮಿಶ್ರಲೋಹಕ್ಕೆ ಅಪ್ಪ-ಅಜ್ಜ ಯಾರೂ ಇಲ್ಲ. ತಪ್ಪು ಮಾಡಿ ಕಲಿಯೋಣ ಅಂದರೆ ಒಂದೊಂದು ತುಂಡೂ ದುಬಾರಿ, ಒಳಗಿನ ಬಿರುಕು ಕಣ್ಣಿಗೂ ಬೀಳೋದಿಲ್ಲ. ನಮ್ಮದೇ ಜಿಲ್ಲೆಯ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಇವತ್ತು ವಿಮಾನದ ಭಾಗಗಳ ಫೋರ್ಜಿಂಗ್ ನಡೀತದೆ. ಅಂಥ ಕಡೆ ಪ್ರೊಸೆಸ್ ಎಂಜಿನಿಯರ್ ಆದವರು ಫರ್ನೇಸ್ ಎಷ್ಟು ಕಾಯಬೇಕು, ಪ್ರೆಸ್ ಎಷ್ಟು ವೇಗದಲ್ಲಿ ಇಳಿಯಬೇಕು ಅಂತ ನಿರ್ಧರಿಸಬೇಕು. "ಮೆಕ್ಯಾನಿಕಲ್ ಯಾಕ ತಗೊಂಡಿ, ಸಿ.ಎಸ್. ಸಿಗಲಿಲ್ಲೇನು?" ಅಂತ ಕೇಳುವ ಸಂಬಂಧಿಕರಿಗೆ ಈಗ ನಾನು ಈ ಕೆಲಸದ ಬಗ್ಗೆ ಹೇಳ್ತೀನಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಕೆಡಿಸಿದ ಪಾಟಾದ ದುಡ್ಡು ಕೊಟ್ಟು, ಉಕ್ಕಿನ ಒಂದು ಮ್ಯಾಪ್ ತೋರಿಸಿದೆ. ಕಾಕಾ ದುಡ್ಡು ತಗೊಳ್ಳಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ, "ಇದ್ರಾಗ ನಾ ಎಲ್ಲದೀನಿ?" ಅಂದರು. ಸುತ್ತಿಗಿಯ ವೇಗ ಹೆಚ್ಚು ಬದಲಾಗೋದಿಲ್ಲ, ಹಾಗಾಗಿ ನೀವು ಮೇಲಿನ ಈ ಪಟ್ಟಿಯೊಳಗೆ, ಬಲಗಡೆ ಇದ್ದೀರಿ ಅಂತ ಬೆರಳಿಟ್ಟೆ. ಕಬ್ಬಿಣ ಆರಿದಂಗೆ ಎಡಕ್ಕೆ ಜಾರ್ತಾ ಹೋಗ್ತೀವಿ ಅಂದೆ. "ಹಂಗಾರ ನೀ ಅವತ್ತು ಇಲ್ಲಿ ಹೊಡದಿ" ಅಂತ ಎಡಗಡೆಯ ಗೀಟು ಹಾಕಿದ ಜಾಗ ಅವರೇ ತೋರಿಸಿದರು.

ಕೊನೆಗೆ ಒಂದು ವಿನಂತಿ. ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಗೆಳೆಯರು ಸೂಟಿಗೆ ಹೋದಾಗ ನಿಮ್ಮೂರ ಕಂಬಾರರನ್ನು ಮಾತಾಡಿಸಿ. ಕಾದ ಕಬ್ಬಿಣದ ಒಂದೊಂದು ಬಣ್ಣಕ್ಕೆ ಅವರು ಏನಂತಾರೆ, ಯಾವ ಬಣ್ಣಕ್ಕೆ ಏಟು ನಿಲ್ಲಿಸ್ತಾರೆ ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಆ ಬಣ್ಣಗಳ ಎದುರು ಡಿಗ್ರಿ ಬರೆದು ಒಂದು ಪಟ್ಟಿ ಮಾಡೋಣ.