ಮೊದಲ ಕಾಂಬೊ ಕೈಗೆ ಹತ್ತಲು ಏಳು ಸೂತ್ರಗಳು

ಸಿರುಮುಗೈಯ ಮಗ್ಗದ ಮನೆಗಳಲ್ಲಿ, ಉಡುಮಲೈ ಸುತ್ತಿನ ತೆಂಗಿನ ತೋಟಗಳಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಗಳ ಓಣಿಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಹುಡುಗ ಹುಡುಗಿಯರು ಬಹಳ ಮಂದಿ. ರಜೆಯಲ್ಲಿ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಸೇರಿದರೆ ಟೆಕ್ಕನ್ ಎಂಬ ಹೊಡೆದಾಟದ ವಿಡಿಯೊ ಗೇಮ್ ಶುರುವಾಗುತ್ತದೆ. ಹೊಸಬರು ಇದ್ದಬದ್ದ ಬಟನ್‌ಗಳನ್ನೆಲ್ಲ ಕುಟ್ಟುತ್ತಾರೆ; ಪಳಗಿದವರು ಮೂರೇ ಏಟಿನಲ್ಲಿ ಆಟ ತಿರುಗಿಸುತ್ತಾರೆ. ಆ ಮೂರು ಏಟಿನ ಕೊಂಡಿಯೇ ಕಾಂಬೊ. ಮೊದಲ ಏಟು ತಗುಲಿದ ಎದುರಾಳಿ ಸಾವರಿಸಿಕೊಳ್ಳುವ ಮುನ್ನವೇ ಎರಡನೆಯದು ಬೀಳುತ್ತದೆ, ತಡೆಯಲು ಎಡೆಯೇ ಸಿಗುವುದಿಲ್ಲ. ಕಲಿಯಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಉದ್ದದ ಕಾಂಬೊ ಸದ್ಯಕ್ಕೆ ಬಿಡಿ, ತಪ್ಪದ ಕಾಂಬೊ ಹಿಡಿಯಿರಿ.

1. ಒಂದೇ ಪಾತ್ರಕ್ಕೆ ಅಂಟಿಕೊಳ್ಳಿ. ಅದೇ ಬಗೆಯ ಇನ್ನೊಂದು ಆಟ ಸ್ಟ್ರೀಟ್ ಫೈಟರ್‌ನಲ್ಲಿ ರ್ಯೂ, ಟೆಕ್ಕನ್‌ನಲ್ಲಿ ಪಾಲ್ ಒಳ್ಳೆಯ ಆಯ್ಕೆ. ಟೆಕ್ಕನ್ 3ರ ಎಡ್ಡಿಯನ್ನು ಹಿಡಿದು ಒದೆತದ ಬಟನ್ ಒತ್ತುತ್ತಾ ಹೋದರೂ ಗೆಲುವು ಬರುತ್ತದೆ, ನಿಜ. ಆದರೆ ಗೆದ್ದದ್ದು ಹೇಗೆಂದು ಗೊತ್ತಾಗದ ಗೆಲುವಿನಿಂದ ಕೈ ಏನನ್ನೂ ಕಲಿಯುವುದಿಲ್ಲ.

2. ಎರಡು ಏಟಿನಿಂದ ಶುರು ಮಾಡಿ. ಟೆಕ್ಕನ್‌ನಲ್ಲಿ ನಾಲ್ಕು ಬಟನ್‌ಗೆ ನಾಲ್ಕು ಅಂಗ. ಪ್ಲೇಸ್ಟೇಷನ್ ಪ್ಯಾಡಿನಲ್ಲಿ ಚೌಕ ಎಡಗೈ, ತ್ರಿಕೋನ ಬಲಗೈ, ಕತ್ತರಿ ಗುರುತು (X) ಎಡಗಾಲು, ವೃತ್ತ ಬಲಗಾಲು. ಆಟಗಾರರು ಇವನ್ನೇ 1, 2, 3, 4 ಎಂದು ಬರೆದುಕೊಳ್ಳುತ್ತಾರೆ. ಹೆಚ್ಚಿನ ಪಾತ್ರಗಳಿಗೆ 1, 2 ಎಂದರೆ ಎಡಗೈ, ಬಲಗೈ ಗುದ್ದು. ಮೊದಲನೆಯದು ತಗುಲಿತೆಂದರೆ ಎರಡನೆಯದನ್ನು ತಡೆಯಲಾಗದು. ಆಟ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ, ಅಂದರೆ 60 ಚಿತ್ರಗಳಲ್ಲಿ ಓಡುತ್ತದೆ. ಆ ಮೊದಲ ಗುದ್ದು 10ನೇ ಫ್ರೇಮಿಗೆ, ಅಂದರೆ ಸೆಕೆಂಡಿನ ಆರನೇ ಒಂದು ಪಾಲಿನಲ್ಲೇ ತಲುಪುತ್ತದೆ. ಅದಕ್ಕಿಂತ ಬೇಗ ಬರುವ ಏಟು ಅಪರೂಪ. ಇಷ್ಟು ಚಿಕ್ಕದನ್ನು ದೊಡ್ಡ ಆಟಗಾರರೂ ಪ್ರತಿ ಪಂದ್ಯದಲ್ಲಿ ಬಳಸುತ್ತಾರೆ.

3. ವೇಗ ಬೇಡ, ಲಯ ಹಿಡಿಯಿರಿ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಸಿರುಮುಗೈಯ ದೇವಾಂಗರ ಮನೆಯಲ್ಲಿ ರೇಷ್ಮೆ ಸೀರೆ ನೇಯುವವರ ಪಕ್ಕ ಒಂದು ಗಳಿಗೆ ಕೂತು ನೋಡಿ. ಕಾಲು ಮಣೆಯನ್ನು ಒತ್ತುತ್ತದೆ, ಹಾಸಿನ ನೂಲು ಬಾಯಿ ಬಿಡುತ್ತದೆ, ಲಾಳಿ ದಾಟುತ್ತದೆ, ಆಮೇಲೆ ಹಲಗೆಯ ಪೆಟ್ಟು. ಬಾಯಿ ಬಿಡುವ ಮುನ್ನ ಲಾಳಿ ಎಸೆದರೆ ನೂಲು ಹರಿಯುತ್ತದೆ. ಕಾಂಬೊದಲ್ಲೂ ಪ್ರತಿ ಏಟಿಗೆ ಅದರದೇ ಹೊತ್ತಿದೆ. ಮೊದಲೇ ಒತ್ತಿದ ಬಟನ್ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ.

ಸ್ಟ್ರೀಟ್ ಫೈಟರ್ 2ರಿಂದ ಬಂದ ಹಳೆಯ ಪಾಠ ತೆಗೆದುಕೊಳ್ಳಿ. ರ್ಯೂ ಹಾರಿ ಬಂದು ಜೋರಾದ ಒದೆತ, ಇಳಿದ ಕೂಡಲೇ ಕುಕ್ಕರಿಸಿ ಮಧ್ಯಮ ಒದೆತ, ಕಾಲು ಎದುರಾಳಿಗೆ ತಾಗುವ ಕ್ಷಣದಲ್ಲೇ ಕೈಯಿಂದ ಶಕ್ತಿಯುಂಡೆ ಎಸೆಯುವ ಹಡೋಕೆನ್: ಕೆಳಗೆ, ಕೆಳಮುಂದೆ, ಮುಂದೆ, ಗುದ್ದು. ಒದ್ದ ಕಾಲು ಹಿಂದಕ್ಕೆ ಬರುವ ಸಮಯವನ್ನು ಹಡೋಕೆನ್ ನುಂಗಿಬಿಡುತ್ತದೆ. ಇದಕ್ಕೆ ಕ್ಯಾನ್ಸಲ್ ಎನ್ನುತ್ತಾರೆ. ಬಾಯಲ್ಲಿ ತಾಳ ಹೇಳಿಕೊಂಡು ಮಾಡಿ, ಬೇಗ ಹತ್ತುತ್ತದೆ.

ಈ ಕಾಂಬೊ ಎಂಬುದೇ ಯೋಜನೆ ಹಾಕಿ ಹುಟ್ಟಿದ್ದಲ್ಲ. 1991ರ ಆ ಆಟದಲ್ಲಿ ಕಾರು ಜಜ್ಜುವ ಬೋನಸ್ ಹಂತವಿದೆ. ಅದರಲ್ಲಿ ದೋಷ ಹುಡುಕುತ್ತಿದ್ದ, ಆಟ ತಯಾರಿಸಿದ ಕ್ಯಾಪ್‌ಕಾಮ್ ಕಂಪನಿಯ ನೊರಿತಾಕಾ ಫುನಾಮಿಝು ಕಣ್ಣಿಗೆ ಒಂದು ಏಟಿನ ಬೆನ್ನಿಗೆ ಇನ್ನೊಂದು ಸೇರುತ್ತಿರುವುದು ಬಿತ್ತು. ಸಮಯ ಹಿಡಿಯುವುದು ಅಷ್ಟು ಕಷ್ಟವಾದ್ದರಿಂದ ಆಟದಲ್ಲಿ ಅದು ಉಪಯೋಗಕ್ಕೆ ಬರಲಾರದೆಂದುಕೊಂಡು ಹಾಗೆಯೇ ಬಿಟ್ಟರು. ಆಡುವವರು ಹಿಡಿದೇಬಿಟ್ಟರು! 1993ರ ಸೂಪರ್ ಸ್ಟ್ರೀಟ್ ಫೈಟರ್ 2ರ ಹೊತ್ತಿಗೆ ಪರದೆಯೇ ಏಟು ಎಣಿಸತೊಡಗಿತು.

4. ತುಂಡು ಮಾಡಿ ಕಲಿಯಿರಿ, ಎರಡೂ ಬದಿಯಿಂದ ಕಲಿಯಿರಿ. ಐದು ಏಟಿನದು ಬೇಕಾದರೆ ಕೊನೆಯ ಎರಡನ್ನು ಮೊದಲು ಗಟ್ಟಿ ಮಾಡಿ, ನಂತರ ಹಿಂದಿನದನ್ನು ಸೇರಿಸಿ. ಎಡಬದಿಯಲ್ಲಿ ಸರಾಗವಾಗಿ ಬರುವುದು ಬಲಬದಿಗೆ ಹೋದರೆ ಬರುವುದಿಲ್ಲ, ಯಾಕೆಂದರೆ ಮುಂದೆ ಹಿಂದೆ ಅದಲುಬದಲಾಗುತ್ತದೆ. ಸ್ಟ್ರೀಟ್ ಫೈಟರ್ 6ರಲ್ಲಿ ಕಾಂಬೊ ಟ್ರಯಲ್ಸ್, ಟೆಕ್ಕನ್ 8ರಲ್ಲಿ ಕಾಂಬೊ ಚಾಲೆಂಜ್ ಇವೆ, ಆಟವೇ ಮೇಷ್ಟ್ರಾಗುತ್ತದೆ. ಹಡೋಕೆನ್‌ನಂಥದಕ್ಕೆ ದಿಕ್ಕು ಸುತ್ತಿಸುವುದು ಬರದಿದ್ದರೆ, ಅದನ್ನು ಸುಲಭ ಮಾಡಿಕೊಡುವ ಸ್ಟ್ರೀಟ್ ಫೈಟರ್ 6ರ ಮಾಡರ್ನ್ ಕಂಟ್ರೋಲ್‌ನಿಂದ ಶುರು ಮಾಡಿ. ಅದರಲ್ಲಿ ಅವಮಾನವೇನೂ ಇಲ್ಲ.

5. ತಗುಲಿತೋ ಇಲ್ಲವೋ ನೋಡಿ ಮುಂದುವರಿಯಿರಿ. ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯವೆನಿಸುವ ಮಾತಿದು. ಆಟದ ಅಭ್ಯಾಸ ಹಂತದಲ್ಲಿ ಎದುರಿಗಿರುವ ಬೊಂಬೆ ಸುಮ್ಮನೆ ನಿಂತು ಏಟು ತಿನ್ನುತ್ತದೆ, ಚಿಕ್ಕಪ್ಪನ ಮಗ ತಿನ್ನುವುದಿಲ್ಲ. ಬೊಂಬೆಯನ್ನು ಒಮ್ಮೆ ತಡೆಯುವಂತೆ, ಒಮ್ಮೆ ಬಿಡುವಂತೆ ಸೆಟ್ಟಿಂಗ್‌ನಲ್ಲಿ ಬದಲಿಸಿ. ಮೊದಲ ಎರಡು ಹಗುರ ಏಟು ತಗುಲಿದರೆ ಮಾತ್ರ ದೊಡ್ಡದನ್ನು ಸೇರಿಸಿ. ತಡೆದನೋ, ಕೈ ಹಿಂದಕ್ಕೆ ತೆಗೆಯಿರಿ. ತಡೆದ ಮೇಲೂ ಕಾಂಬೊ ಪೂರ್ತಿ ಮಾಡಹೋದರೆ ನೀವೇ ಬಾಗಿಲು ತೆರೆದು ಕೊಟ್ಟಂತೆ.

6. ಖಾತ್ರಿಯ ಹೊತ್ತಿಗೆ ಕಾಯಿರಿ. ಸ್ಟ್ರೀಟ್ ಫೈಟರ್‌ನಲ್ಲಿ ಎದುರಾಳಿಯ ಶೋರ್ಯುಕೆನ್ ಅನ್ನು, ಅಂದರೆ ಮೇಲಕ್ಕೆ ಹಾರಿ ಗುದ್ದುವ ಏಟನ್ನು ತಡೆದಿರೆಂದುಕೊಳ್ಳಿ. ಅವನು ಗಾಳಿಯಲ್ಲಿ ಮೇಲೆದ್ದು, ಏನೂ ಮಾಡಲಾಗದೆ ಕೆಳಗಿಳಿಯುತ್ತಾನೆ. ನೀವು ಕಲಿತ ಕಾಂಬೊ ಬಳಸಲು ಅದೇ ಮುಹೂರ್ತ. ಟೆಕ್ಕನ್‌ನಲ್ಲಿ ದೊಡ್ಡ ಏಟು ಬೀಸಿ ಗುರಿ ತಪ್ಪಿದವನನ್ನು ಮೇಲಕ್ಕೆತ್ತುವ ಲಾಂಚರ್‌ನಿಂದ ಹಾರಿಸಿ, ನೆಲ ಮುಟ್ಟುವ ಮುನ್ನ ಎರಡು ಮೂರು ಏಟು ಕೊಡಿ, ಸಾಕು. ಕಾಂಬೊ ಉದ್ದವಾದಷ್ಟೂ ಒಂದೊಂದು ಏಟಿನ ಬಲ ಇಳಿಯುತ್ತಾ ಹೋಗುತ್ತದೆ, ಆಟವೇ ಹಾಗೆ ಮಾಡಿಟ್ಟಿದೆ. (ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಲು ಮರೆಯಬೇಡಿ. ಪರದೆ ತಡವಾದರೆ ಯಾವ ಅಭ್ಯಾಸವೂ ಉಪಯೋಗಕ್ಕೆ ಬಾರದು.)

7. ಮನುಷ್ಯರ ಜೊತೆ ಆಡಿ, ವಯಸ್ಸು ನೋಡಬೇಡಿ. ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ಟೆಕ್ಕನ್ 7ರಲ್ಲಿ ಹೊಡೆದಾಟದ ಆಟಗಳ ದೊಡ್ಡ ಪಂದ್ಯಾವಳಿಯಾದ ಇವೊ ಜಪಾನ್ ಗೆದ್ದು, ಅದೇ ವರ್ಷ ಲಾಸ್ ವೇಗಸ್‌ನ ಇವೊವನ್ನೂ ಗೆದ್ದರು. ತನ್ನ ದೇಶದಲ್ಲಿ ತನ್ನಷ್ಟೇ ಗಟ್ಟಿ ಆಟಗಾರರು ಇನ್ನೂ ಇದ್ದಾರೆಂದು ಅವರು ಹೇಳಿದ್ದು ಬಹಳ ಜನರನ್ನು ಬೆರಗಾಗಿಸಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಸ್ಟ್ರೀಟ್ ಫೈಟರ್ 5ರಲ್ಲಿ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್‌ವೂಗೆ ಆಗ 44 ವರ್ಷ. ಅದೇ ಕಣದಲ್ಲಿ ನಮ್ಮ ದೇಶದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಆಡಿದ್ದರು. ಕೊಯಮತ್ತೂರಿನ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವನೋ, ಪೊಳ್ಳಾಚಿಯಿಂದ ಬಂದ ಅತ್ತೆಯ ಮಗಳೋ, ಯಾರು ಸಿಕ್ಕರೂ ಕೂರಿಸಿಕೊಳ್ಳಿ. ಸೋತ ಮೇಲೆ ಪ್ಯಾಡು ಕೆಳಗಿಡುವ ಮೊದಲು, "ಅಕ್ಕ, ನಾನು ಯಾವ ಏಟು ತಡೆಯಬಹುದಿತ್ತು?" ಎಂದು ಕೇಳಿ, ಅದೇ ಏಟನ್ನು ನಿಧಾನವಾಗಿ ಮತ್ತೊಮ್ಮೆ ಹಾಕಿಸಿಕೊಂಡು ನೋಡಿ.