ಮಣ್ಣಿನ ಬ್ಯಾಕ್ಟೀರಿಯಗಳನ್ನು ಆರಿಸುವ ಆಹಾರಗಳು

ಒಂದು ಚಿಟಿಕೆ ಮಣ್ಣಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಇವುಗಳಲ್ಲಿ ಕೆಲವು ಪೈರಿಗೆ ಉಪಕಾರಿಗಳು, ಕೆಲವು ಅಪಕಾರಿಗಳು. ಕಣ್ಣಿಗೆ ಕಾಣದ ಈ ಜೀವಿಗಳನ್ನು ಮೊರದಲ್ಲಿ ಕೇರಿ ಬೇರ್ಪಡಿಸಲು ಬಾರದು. ಆದುದರಿಂದ ಪ್ರಯೋಗಶಾಲೆಯಲ್ಲಿ ಆಹಾರದ ಮೂಲಕವೇ ಅವುಗಳನ್ನು ಆರಿಸುತ್ತಾರೆ. ಬೇಕಾದ ಜಾತಿಯು ಉಂಡು ಬೆಳೆಯುವಂತೆಯೂ ಬೇಡವಾದುವು ಉಪವಾಸ ಬೀಳುವಂತೆಯೂ ಆಹಾರವನ್ನು ಸಿದ್ಧಗೊಳಿಸುವುದೇ ಇದರ ಮರ್ಮವು.

ಅಜೋಟೋಬ್ಯಾಕ್ಟರ್ ಎಂಬುದು ಗಾಳಿಯಲ್ಲಿರುವ ಸಾರಜನಕವನ್ನು ತಾನೇ ಹಿಡಿಯಬಲ್ಲ ಜೀವಿ. ಹಾಲೆಂಡಿನ ಬೈಯೆರಿಂಕ್ ಎಂಬ ವಿದ್ವಾಂಸರು 1901ರಲ್ಲಿ ಇದನ್ನು ವರ್ಣಿಸಿದರು. ಇದಕ್ಕಾಗಿ ಮ್ಯಾನಿಟಾಲ್ ಎಂಬ ಸಿಹಿವಸ್ತು, ಸುಣ್ಣ, ರಂಜಕ ಮೊದಲಾದ ಲವಣಗಳನ್ನು ನೀರಿನಲ್ಲಿ ಬೆರಸಿ, ಕಡಲಪಾಚಿಯಿಂದ ದೊರೆಯುವ ಅಗರಿನಿಂದ ಹೆಪ್ಪುಗಟ್ಟಿಸುತ್ತಾರೆ. ಸಾರಜನಕವನ್ನು ಮಾತ್ರ ಸೇರಿಸುವುದಿಲ್ಲ. ಗಾಳಿಯಿಂದ ಅದನ್ನು ಪಡೆಯಲಾರದ ಜೀವಿಗಳು ಇಲ್ಲಿ ಸೊರಗುತ್ತವೆ. ಅಗರಿನಲ್ಲಿಯೂ ಲೇಶಮಾತ್ರ ಸಾರಜನಕವಿರುವುದರಿಂದ ಕೆಲವು ಅನ್ಯಜೀವಿಗಳು ಅಲ್ಪವಾಗಿ ತಲೆಯೆತ್ತುವುದುಂಟು. ಅಂತಹವನ್ನು ಬಿಟ್ಟು, ಬೇಕಾದುದನ್ನು ಮತ್ತೆ ಮತ್ತೆ ಹೊಸ ತಟ್ಟೆಗೆ ಸಾಗಿಸಿ ಶುದ್ಧಗೊಳಿಸುತ್ತಾರೆ.

ದ್ವಿದಳಧಾನ್ಯಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಜೀವಿಗೆ ಈಸ್ಟಿನ ಸಾರ ಮತ್ತು ಮ್ಯಾನಿಟಾಲ್ ಕೂಡಿದ ಆಹಾರವನ್ನು ಕೊಡುತ್ತಾರೆ. ಇದರಲ್ಲಿ ಅನ್ಯಜೀವಿಗಳೂ ಬೆಳೆಯಬಲ್ಲವು. ಅವುಗಳನ್ನು ಗುರುತಿಸಲು ಕಾಂಗೋ ರೆಡ್ ಎಂಬ ಬಣ್ಣವನ್ನು ಬೆರಸುತ್ತಾರೆ. ಅನ್ಯಜೀವಿಗಳಲ್ಲಿ ಅನೇಕವು ಬಣ್ಣವನ್ನು ಹೀರಿ ಕೆಂಪಾಗುತ್ತವೆ. ರೈಜೋಬಿಯಂ ಸಾಮಾನ್ಯವಾಗಿ ಬಿಳುಪಾಗಿಯೇ ಉಳಿಯುತ್ತದೆ. ಆದರೆ ಬಣ್ಣವೊಂದೇ ಸಾಕಾದ ಪ್ರಮಾಣವಲ್ಲ. ಆಯಾ ಬೆಳೆಯ ಸಸಿಗೆ ಲೇಪಿಸಿ, ಬೇರಿನಲ್ಲಿ ಗಂಟು ಕಟ್ಟುವುದೆಂದು ಕಂಡ ಮೇಲೆಯೇ ನಿಶ್ಚಯವು.

ಈ ವಿಚಾರವು ರೈತನ ಹೊಲಕ್ಕೆ ಸಂಬಂಧಿಸಿದುದೇ ಆಗಿದೆ. ಪೊಟ್ಟಣದಲ್ಲಿರುವ ಕಪ್ಪು ಪುಡಿಯನ್ನು ನೋಡಿದ ಮಾತ್ರಕ್ಕೆ ಅದರ ಜೀವಿಗಳು ಬದುಕಿವೆಯೋ ಸತ್ತಿವೆಯೋ ತಿಳಿಯದು. ಸತ್ತ ಪುಡಿಯನ್ನು ಲೇಪಿಸಿದವನು ಹಣವನ್ನೂ ಹಂಗಾಮನ್ನೂ ಕಳೆದುಕೊಳ್ಳುತ್ತಾನೆ. ಪ್ರಯೋಗಶಾಲೆಯಲ್ಲಿ ಪುಡಿಯನ್ನು ಹತ್ತರ ಪ್ರಮಾಣದಲ್ಲಿ ಹಲವು ಸಲ ತೆಳುಮಾಡಿ ತಟ್ಟೆಗೆ ಹರಡಿ, ಮೂಡಿದ ಗುಂಪುಗಳನ್ನು ಎಣಿಸುತ್ತಾರೆ. ಭಾರತದ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಪುಡಿರೂಪದ ರೈಜೋಬಿಯಂನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಸಜೀವ ಕಣಗಳಿರಬೇಕು.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಈ ಸಂಗತಿಗಳನ್ನು ಇತರರಿಗೆ ತಿಳಿಯಪಡಿಸುವುದು ಉಚಿತ:

1. ಪೊಟ್ಟಣದ ಮೇಲೆ ಬೆಳೆಯ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ನೋಡತಕ್ಕದ್ದು. ಕಡಲೆಗೆ ತಯಾರಾದುದು ನೆಲಗಡಲೆಗೆ ಒದಗದು.

2. ಪೊಟ್ಟಣವನ್ನು ಬಿಸಿಲಿನಲ್ಲಿಯಾಗಲಿ ರಸಗೊಬ್ಬರದೊಡನೆಯಾಗಲಿ ಇಡಕೂಡದು.

3. ಆರಿದ ಬೆಲ್ಲದ ನೀರಿನಿಂದ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತತಕ್ಕದ್ದು.

4. ಪೈರು ಹೂ ಬಿಡುವ ವೇಳೆಗೆ ಕೆಲವು ಗಿಡಗಳನ್ನು ಮಣ್ಣುಸಹಿತ ಮೆಲ್ಲನೆ ಅಗೆದು, ಬೇರನ್ನು ತೊಳೆದು, ಗಂಟುಗಳನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪು ಬಣ್ಣವಿದ್ದರೆ ಜೀವಿಗಳು ಕೆಲಸಮಾಡುತ್ತಿವೆಯೆಂದು ತಿಳಿಯಬಹುದು.

ತಟ್ಟೆಯ ಪರೀಕ್ಷೆಯು ಪ್ರಯೋಗಶಾಲೆಯದು. ಬೇರಿನ ಪರೀಕ್ಷೆಯನ್ನು ಪ್ರತಿಯೊಬ್ಬ ರೈತನೂ ತನ್ನ ಹೊಲದಲ್ಲಿಯೇ ಮಾಡಬಹುದು.