ದಿಮ್ಮಿ ಒಂದು, ಹಾಳೆ ನೂರು

ವೆನೀರ್, ಅಂದರೆ ಮರದಿಂದ ಹೆರೆದ ತೆಳು ಹಾಳೆ, ಕೊಳ್ಳಲು ನನ್ನನ್ನು ಕರೆದುಕೊಂಡು ಹೋದವರೆಲ್ಲ ಅಂಗಡಿಯವರನ್ನು ಮೊದಲು ಕೇಳುವುದು "ಯಾವ ಮರ?" ಅಂತ. ಆಮೇಲೆ "ಚದರಡಿಗೆ ಎಷ್ಟು?" ಬೆಂಗಳೂರಲ್ಲಿ ಒಳಾಂಗಣದ ಕೆಲಸ ಮಾಡಿಸುತ್ತ ನನಗೆ ತಿಳಿದದ್ದು ಬೇರೆ. ಮರದ ಹೆಸರಿಗೆ ಕೊಡುವ ದುಡ್ಡು ಕಡಿಮೆ. ಆ ಒಂದು ಮರ ಹೇಗೆ ಬೆಳೆಯಿತು, ಅದನ್ನು ಹೇಗೆ ಕೊಯ್ದರು, ಕೊಯ್ದ ಹಾಳೆಗಳು ಕ್ರಮ ತಪ್ಪದೆ ಉಳಿದಿವೆಯೇ ಎನ್ನುವುದಕ್ಕೇ ಹೆಚ್ಚು ಕೊಡಬೇಕು.

ಲೆಕ್ಕ ನೋಡಿ. ಒಂದು ಘನ ಮೀಟರ್ ಮರವನ್ನು 25 ಮಿ.ಮೀ. ಹಲಗೆ ಮಾಡಿದರೆ 40 ಚದರ ಮೀಟರ್, ಅದರಲ್ಲೂ ಗರಗಸದ ಬಾಯಿಗೆ ಒಂದಷ್ಟು ಹೊಟ್ಟಾಗಿ ಹೋಗುತ್ತದೆ. ಬಿಸಿನೀರಲ್ಲಿ ನೆನೆದು ಮೆತ್ತಗಾದ ಅದೇ ಮರವನ್ನು ಅಲಗಿನಿಂದ ಅರ್ಧ ಮಿ.ಮೀ. ದಪ್ಪಕ್ಕೆ ಹೆರೆದರೆ ಕಾಗದದ ಮೇಲಿನ ಲೆಕ್ಕದಲ್ಲಿ 2000 ಚದರ ಮೀಟರ್. ತೊಗಟೆ, ಬಿರುಕು, ವಕ್ರ ಕಳೆದರೂ ಹಲಗೆಗಿಂತ ಎಷ್ಟೋ ಪಟ್ಟು. ಅದಕ್ಕೇ ಅಪರೂಪದ ದಿಮ್ಮಿ ಸಿಕ್ಕಿತೆಂದರೆ ಹಲಗೆಯವರಿಗಿಂತ ಮುಂಚೆ ವೆನೀರಿನವರು ಹೋಗಿ ನಿಂತಿರುತ್ತಾರೆ.

ನನಗೆ ನೋಡುವುದನ್ನು ಕಲಿಸಿದ್ದು ಮೈಸೂರಿನ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ಹಿಂದೆ ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡಿದವರು. "ಓರೆಯಾಗಿ ಹಿಡೀರಿ ಸಾರ್. ನೇರಕ್ಕೆ ನೋಡಿದ್ರೆ ಎಲ್ಲಾನೂ ಬರೀ ಮರ" ಎಂದು ಆಫ್ರಿಕಾದ ಸಪೇಲಿ ಹಾಳೆಯೊಂದನ್ನು ಬಾಗಿಲ ಬೆಳಕಿಗೆ ತಂದರು. ಎಡಕ್ಕೆ ನಿಂತಾಗ ಕಪ್ಪಗಿದ್ದ ಪಟ್ಟೆ ಬಲಕ್ಕೆ ಸರಿದರೆ ಹೊಳೆಯಿತು, ಪಕ್ಕದ್ದು ಕಪ್ಪಾಯಿತು. ಈ ಮರದ ನಾರು ಕೆಲವು ವರ್ಷ ಒಂದು ಕಡೆ ಓರೆಯಾಗಿ ಬೆಳೆದು, ಮತ್ತೆ ಕೆಲವು ವರ್ಷ ಇನ್ನೊಂದು ಕಡೆ ತಿರುಗುತ್ತದೆ. ಕ್ವಾರ್ಟರ್ ಕಟ್ ಮಾಡಿದರೆ, ಅಂದರೆ ಮರದ ಉಂಗುರಗಳಿಗೆ ಲಂಬವಾಗಿ ಹೆರೆದರೆ, ಆ ತಿರುವುಗಳೇ ಪಟ್ಟೆಯಾಗುತ್ತವೆ. ಅದೇ ದಿಮ್ಮಿಯನ್ನು ಕ್ರೌನ್ ಕಟ್ ಮಾಡಿದರೆ, ಅಂದರೆ ಉಂಗುರಗಳನ್ನು ಸವರಿದಂತೆ ಹೆರೆದರೆ, ಈ ಆಟ ಮಾಯ. ಮೇಸ್ತ್ರಿ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರು. ಪಾಲಿಶ್ ಆದ ಮೇಲೆ ಬರುವ ಬಣ್ಣ ಅರೆಗಳಿಗೆ ಕಂಡು ಆರಿಹೋಯಿತು. ಸ್ಯಾಂಪಲ್ ತುಂಡು ಕೈಗೆ ಬಂದರೆ ಇವತ್ತಿಗೂ ನಾನು ಮೊದಲು ನೀರು ಕೇಳುತ್ತೇನೆ.

ಇನ್ನು ಬರ್ಲ್. ಕಾಂಡದಲ್ಲೋ ಬುಡದಲ್ಲೋ ಉಬ್ಬಿದ ಗಂಟು ಅದು, ಬಡಗಿಗೆ ತಲೆನೋವು. ನಾರಿಗೆ ದಿಕ್ಕೇ ಇಲ್ಲದೆ ಸುಳಿಸುಳಿಯಾಗಿರುವುದರಿಂದ ಹಲಗೆಗೆ ಬರುವುದಿಲ್ಲ. ಹೆರೆದರೆ ಮಾತ್ರ ವಾಲ್‌ನಟ್ ಬರ್ಲ್‌ನಂಥ ದುಬಾರಿ ಮಾಲು. ಹಾಳೆ ಚಿಕ್ಕದು, ಮುರುಟಿಕೊಂಡಿರುತ್ತದೆ, ಮುಟ್ಟಿದರೆ ಮುರಿಯುತ್ತದೆ.

ಎಷ್ಟೇ ಚೆಂದದ ಹಾಳೆಯಾದರೂ ಒಂದೇ ಇದ್ದರೆ ಕೆಲಸಕ್ಕೆ ಬಾರದು. ಒಂದರ ಹಿಂದೆ ಒಂದು ಕೊಯ್ದ ಎರಡು ಹಾಳೆಗಳನ್ನು ಪುಸ್ತಕದಂತೆ ಬಿಡಿಸಿಟ್ಟಾಗಲೇ ನಡುಗೆರೆಯ ಎರಡೂ ಕಡೆ ಚಿತ್ತಾರ ಕೂಡುವುದು. ವಾರ್ಡ್‌ರೋಬಿಗೆ ಆರು ಬಾಗಿಲಿದ್ದರೆ ಆರಕ್ಕೂ ಒಂದೇ ಕಟ್ಟಿನ, ಸಾಲು ನಂಬರಿನ ಹಾಳೆ ಬೇಕು. ಹೀಗಾಗಿ ಹಾಳೆಯ ಮುಖ ನೋಡುವ ಮೊದಲು ಬೆನ್ನು ತಿರುಗಿಸಿ ನಂಬರು ಓದುತ್ತೇನೆ. ನಡುವೆ ಎರಡು ಹಾಳೆ ಮಾರಿಹೋಗಿದ್ದರೆ ಉಳಿದದ್ದಕ್ಕೆ ಪೂರ್ತಿ ಬೆಲೆ ಕೊಡುವುದಿಲ್ಲ.

ನಮ್ಮ ಬೀಟೆಯ, ಅಂದರೆ ಇಲ್ಲಿನ ರೋಸ್‌ವುಡ್ಡಿನ, ಕಥೆಯಲ್ಲಿ ಕಾನೂನೂ ಸೇರಿದೆ. ಬ್ರೆಜಿಲ್ಲಿನ ರೋಸ್‌ವುಡ್ 1992ರಲ್ಲೇ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿ ಅದರ ಅಂತರರಾಷ್ಟ್ರೀಯ ವ್ಯಾಪಾರ ಹೆಚ್ಚುಕಡಿಮೆ ನಿಂತಿತು. 2017ರಿಂದ ಬೀಟೆಯೂ ಸೇರಿ ಇಡೀ ಡಾಲ್ಬರ್ಜಿಯಾ ಕುಲವೇ ನಿಯಂತ್ರಣದ ಕೆಳಗೆ ಬಂತು. ಬಿಲ್ಲು, ಪರ್ಮಿಟ್ಟು ಇಲ್ಲದ ಬೀಟೆ ಎಷ್ಟು ಅಗ್ಗವಾದರೂ ನನಗೆ ಬೇಡ. ಇನ್ನೊಂದು ಮಾತು: ಬೀಟೆಯ ಆ ನೇರಳೆ ಛಾಯೆ ಬಿಸಿಲಿಗೆ ನಿಲ್ಲುವುದಿಲ್ಲ, ಕಂದಾಗುತ್ತದೆ. ಕಿಟಕಿ ಎದುರಿನ ಗೋಡೆಗೆ ಬೀಟೆ ಬೇಕೆಂದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ರೀಕಾನ್ ವೆನೀರಿನ ಬಗ್ಗೆ ಕೆಲವರು ಮೂಗು ಮುರಿಯುತ್ತಾರೆ. ಪಾಪ್ಲರ್‌ನಂಥ ಸಾಧಾರಣ ಮರದ ಹಾಳೆಗಳಿಗೆ ಬಣ್ಣ ಕಟ್ಟಿ, ಅಂಟಿಸಿ ದಿಮ್ಮಿ ಮಾಡಿ ಮತ್ತೆ ಹೆರೆದದ್ದು ಅದು. ಅದೂ ಮರವೇ, ಮೋಸವೇನಲ್ಲ. ಹತ್ತು ಹಾಳೆ ಸಾಲಾಗಿ ನಿಲ್ಲಿಸಿದರೆ ಒಂದೇ ಗೆರೆ ಹತ್ತರಲ್ಲೂ ಒಂದೇ ಜಾಗದಲ್ಲಿ ಬಂದು ಗುಟ್ಟು ಬಿಟ್ಟುಕೊಡುತ್ತದೆ, ಅಷ್ಟೇ. ನೂರು ಬಾಗಿಲಿನ ಆಫೀಸಾದರೆ ನಾನೇ ರೀಕಾನ್ ಹಾಕಿ ಎನ್ನುತ್ತೇನೆ. ಮನೆಯಾದರೆ, ಇರುವ ದುಡ್ಡಿಗೆ ಬರ್ಲ್ ಒಂದೇ ಕಡೆ, ಕೂತವರ ಕಣ್ಣಿನ ಮಟ್ಟಕ್ಕೆ. ಬದಿಗೆ, ಒಳಗೆಲ್ಲ ನೇರ ಗೆರೆಯ ತೇಗ ಸಾಕು.